ಬೆರಳ ತುದಿಯ ಕಪ್ಪು ಚುಕ್ಕೆ

ಮೊದಲ ದಿನ ನನಗೆ ಆಕೆಯ ಮುಖಕ್ಕಿಂತ ಕೈ ಹಿಡಿಸಿತು. ಕೀಮೋ ಕೊಡುವ ನರ್ಸುಗಳ ಚಾಳಿಯೇ ಅದು. ಎದುರು ಬಂದು ಕುಳಿತವರ ಊರುಕೇರಿ ಕೇಳುವ ಮುಂಚೆ ಮುಂಗೈ ತಿರುಗಿಸಿ ನರ ನೋಡುತ್ತೇವೆ. ಈಕೆಯದು ಬುಟ್ಟಿ ಎತ್ತಿ ಬಲಿತ ಕೈ. ನರಗಳು ಬಲೆಯ ಹಗ್ಗದಂತೆ ಎದ್ದು ನಿಂತಿದ್ದವು. ವಾರವಿಡೀ ಬತ್ತಿದ ನರಗಳನ್ನು ತಟ್ಟಿ, ಉಜ್ಜಿ, ಬಿಸಿನೀರಿನ ಬಟ್ಟೆ ಇಟ್ಟು ಎಬ್ಬಿಸಿ ಸೋತಿದ್ದ ನನಗೆ ಆ ಕೈ ಕಂಡು, ನಡೆದು ದಣಿದವಳಿಗೆ ಕೂರಲು ಮಣೆ ಸಿಕ್ಕಷ್ಟು ಸಮಾಧಾನವಾಯಿತು. ಹತ್ತಿರ ತಂದರೆ ಲಿಂಬೆಹಣ್ಣಿನ ವಾಸನೆ.

“ಇಷ್ಟು ಚೊಕ್ಕ ಕೈ ನಮ್ಮ ವಾರ್ಡಿಗೆ ಬರೂದು ಅಪರೂಪ,” ಅಂದೆ.

“ಮೀನು ಮಾರೂ ಕೈ ಅಕ್ಕೋರೆ. ನಿಮ್ಗೆ ವಾಸ್ನೆ ಬರೂದು ಬೇಡ ಅಂತ ಎರಡು ಲಿಂಬೆಹಣ್ಣು ತಿಕ್ಕಂಡು ಬಂದೆ,” ಅಂದಳು.

ಕಾರವಾರದ ಆಸ್ಪತ್ರೆಯೊಂದರ ಕೀಮೋ ವಿಭಾಗ ನಮ್ಮದು. ಬೆಳಿಗ್ಗೆ ಬಂದು ಔಷಧ ಏರಿಸಿಕೊಂಡು ಸಂಜೆಗೆ ಮನೆಗೆ ಹೋಗುವವರಿಗಾಗಿ ಇರುವುದು. ನಾಲ್ಕು ಮಂಚ, ಒಂದು ಫ್ರಿಜ್ಜು, ನಾನು. ಜೊತೆಗಿದ್ದ ಸಿಸ್ಟರ್ ಹೆರಿಗೆ ರಜೆಯ ಮೇಲಿದ್ದಳು. ಕ್ಯಾನ್ಸರ್ ಡಾಕ್ಟರು ದೂರದ ದೊಡ್ಡ ಊರಿನಿಂದ ಗುರುವಾರ ಮಾತ್ರ ಬರುತ್ತಿದ್ದರು. ಉಳಿದ ದಿನ ಅವರು ಫೋನಿನಲ್ಲಿ, ನಾನು ವಾರ್ಡಿನಲ್ಲಿ. ಅಂಕೋಲೆಯಿಂದ ಬೆಳಗಿನ ಬಸ್ಸು ಹತ್ತಿ ಬಂದು, ಸಂಜೆ ಅದೇ ದಾರಿಯಲ್ಲಿ ಕಿಟಕಿಗೆ ತಲೆ ಕೊಟ್ಟು ಮರಳುವಾಗ ಕಾಲು ನನ್ನವು ಅನ್ನಿಸುತ್ತಿರಲಿಲ್ಲ. ಆ ದಣಿವನ್ನು ಇಲ್ಲಿ ನೆಪವಾಗಿ ಹೇಳುತ್ತಿಲ್ಲ. ಮುಂದೆ ಆದದ್ದಕ್ಕೆ ಅದೂ ಒಂದು ಕಾರಣ, ಅಷ್ಟೇ.

ಆಕೆ ಮಾಜಾಳಿ ಕಡೆಯವಳು, ನಲವತ್ತೆಂಟರ ಹೆಂಗಸು, ಕಾರವಾರದ ಪೇಟೆಯಲ್ಲಿ ಮೀನು ಮಾರುವವಳು. ಗಂಡ ಬೋಟಿಗೆ ಹೋಗುತ್ತಿದ್ದ. ಎಡ ಎದೆಯಲ್ಲಿ ಗಂಟು. ಮೊದಲ ದಿನ ಡಾಕ್ಟರು ಹೇಳುವಷ್ಟನ್ನು ಹೇಳಿ ಮುಂದಿನ ರೋಗಿಯತ್ತ ಹೋದ ಮೇಲೆ ಆಕೆ ಫೈಲನ್ನು ನನ್ನ ಮುಂದಿಟ್ಟಳು.

“ಡಾಕ್ಟ್ರು ಹೇಳ್ದದ್ದು ಅರ್ಧ ಗಾಳಿಗೆ ಹೋಯ್ತು. ಈ ಕಾಗ್ದದಲ್ಲಿ ಎಂತಾ ಬರ್ದದೆ, ನಂಗೆ ತಿಳೂ ಹಾಂಗೆ ಹೇಳಿ.”

ಈ ಕೆಲಸ ನನಗೆ ಇಷ್ಟದ್ದು. ನನಗೆ ಮಾತು ಕಲಿಸಿದವರು ಅಜ್ಜಿ ಮತ್ತು ಸೋದರಮಾವ. ಕೋರ್ಟಿನ ಕಾಗದವಿರಲಿ, ಪಂಚಾಂಗವಿರಲಿ, ಒಲೆಯ ಮುಂದೆ ಕೂತವರಿಗೆ ಅರ್ಥವಾಗುವಂತೆ ಬಿಡಿಸಿ ಹೇಳುವುದು ಅವರಿಗೆ ಗೊತ್ತಿತ್ತು. ನಾನೂ ಹಾಗೇ ಶುರುಮಾಡಿದೆ. ಬಯಾಪ್ಸಿ ಅಂದರೆ ಗಂಟಿನಿಂದ ಸೂಜಿಯಲ್ಲಿ ಒಂದೆಳೆ ತೆಗೆದು ಅದರ ಗುಣ ನೋಡುವುದು.

“ಇಸ್ವಾಣ ಮೀನಿನ ಕಿವಿರು ಎತ್ತಿ, ತಾಜಾ ಹೌದೋ ಅಲ್ವೋ ನೋಡ್ದಾಂಗೆ,” ಅಂದಳು.

“ಹೌದು, ಹಾಂಗೇ. ಗ್ರೇಡ್ ಅಂದ್ರೆ ಆ ಕಣಗಳು ಎಷ್ಟು ಪೋಕರಿ ಅಂತ. ಸ್ಟೇಜ್ ಅಂದ್ರೆ ಅವು ಹುಟ್ಟಿದ ಮನೆ ಬಿಟ್ಟು ಎಷ್ಟು ದೂರ ತಿರುಗಾಡಿ ಬಂದಾವೆ ಅಂತ.”

“ನಂದು ಎಲ್ಲೀವರೆಗೆ ಹೋಗದೆ?”

“ಬಗಲಿನವರೆಗೆ. ಬಗಲಿನ ಗ್ರಂಥಿಯಲ್ಲಿ ಸಿಕ್ಕಿದೆ. ಲಿವರಿಗೆ, ಎಲುಬಿಗೆ ಹೋಗ್ಲಿಲ್ಲ. ಹಾಂಗೆ ದೂರ ಹೋಗಿ ಬೇರೆ ಮನೆ ಮಾಡೂದಕ್ಕೆ ಮೆಟಾಸ್ಟಾಸಿಸ್ ಅಂತಾರೆ. ನಿಮ್ದು ಅದಲ್ಲ.”

“ಬಗಲಲ್ಲೇ ಹಿಡೀರಿ ಮತ್ತೆ. ದಾಟೂಕೆ ಬಿಡ್ಬೇಡಿ.”

ಹಿಡಿಯುವ ಕ್ರಮವನ್ನೂ ಹೇಳಿದೆ. ಮೊದಲು ಕೀಮೋ, ಗಂಟು ಚಿಕ್ಕದಾದ ಮೇಲೆ ಆಪರೇಶನ್, ಆಮೇಲೆ ರೇಡಿಯೇಶನ್. ಇಪ್ಪತ್ತೊಂದು ದಿನಕ್ಕೊಮ್ಮೆ ಔಷಧ, ಅದಕ್ಕೆ ಒಂದು ಸೈಕಲ್ ಎಂದು ಹೆಸರು. ಬೇಗ ಬೇಗ ಬೆಳೆಯುವ ಕಣವನ್ನು ಔಷಧ ಹೊಡೆಯುತ್ತದೆ. ಕ್ಯಾನ್ಸರಿನ ಕಣ ಯಾವುದು, ಕೂದಲ ಬುಡದ್ದು ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ರಕ್ತದ ಬಿಳಿ ಕಣ ಇಳಿಯುತ್ತದೆ. ಬಿಳಿ ಕಣ ಅಂದರೆ ಮೈಯ ಕಾವಲು. ಔಷಧ ಕೊಟ್ಟ ಹತ್ತರಿಂದ ಹದಿನಾಲ್ಕನೆಯ ದಿನದವರೆಗೆ ಕಾವಲುಗಾರರು ತೀರಾ ಕಡಿಮೆ. ಆಗ ಜ್ವರ ಬಂದರೆ ಅದು ಬರೇ ಜ್ವರವಲ್ಲ, ಓಡಿ ಬರಬೇಕು.

ನಮ್ಮ ಫೈಲಿನ ಮೊದಲ ಪುಟದಲ್ಲಿ ‘ಉದ್ದೇಶ’ ಎಂದು ಒಂದು ಸಾಲಿದೆ. ಅದರ ಮುಂದೆ ಎರಡು ಚೌಕ. ಒಂದು ಕ್ಯೂರೆಟಿವ್, ಅಂದರೆ ಗುಣಪಡಿಸಲಿಕ್ಕೆ. ಇನ್ನೊಂದು ಪ್ಯಾಲಿಯೇಟಿವ್, ಅಂದರೆ ಗುಣವಾಗದಿದ್ದರೂ ನೋವು ನರಳಾಟ ಕಡಿಮೆ ಮಾಡಲಿಕ್ಕೆ. ಆಕೆಯದು ಮೊದಲ ಚೌಕದಲ್ಲಿ ಟಿಕ್ ಆಗಿತ್ತು. ಇಷ್ಟು ವರ್ಷಗಳಲ್ಲಿ ಆ ಟಿಕ್ಕು ಒಂದು ಚೌಕದಿಂದ ಇನ್ನೊಂದಕ್ಕೆ ಸರಿದದ್ದನ್ನು ಬಹಳ ಸಲ ಕಂಡಿದ್ದೇನೆ. ಮರಳಿ ಬಂದದ್ದನ್ನು ಕಂಡಿಲ್ಲ.

ಮೊದಲ ಸೈಕಲ್ಲಿನ ಔಷಧ ಕೆಂಪು ಬಣ್ಣದ್ದು, ಕೋಕಂ ನೀರಿನ ಹಾಗೆ. ನರದಿಂದ ಹೊರಗೆ ಒಂದು ಹನಿ ಸೋರಿದರೂ ಚರ್ಮ ಸುಟ್ಟುಹೋಗುತ್ತದೆ. ಪಕ್ಕದಲ್ಲಿ ಸಲೈನ್ ಹರಿಸುತ್ತಾ, ಮಧ್ಯೆ ಮಧ್ಯೆ ಹಿಂದಕ್ಕೆಳೆದು ರಕ್ತ ಬರುತ್ತದೋ ನೋಡಿಕೊಳ್ಳುತ್ತಾ, ಹದಿನೈದು ನಿಮಿಷ ಕೈ ಬಿಡದೆ ತಳ್ಳಬೇಕು. ಎಡಗಡೆ ರೋಗ ಇರುವುದರಿಂದ ಬಲಗೈಗೇ ಸೂಜಿ. ಹೀಗೆ ಪ್ರತಿ ಸಲವೂ ಆಕೆಯ ಬಲಗೈ ನನ್ನ ತೊಡೆಯ ಮೇಲೆ ಕಾಲುಗಂಟೆ ಇರುತ್ತಿತ್ತು.

ಎರಡನೆಯ ಸೈಕಲ್ಲಿಗೆ ಬರುವಷ್ಟರಲ್ಲಿ ತಲೆಗೂದಲು ಹೋಗಿತ್ತು. ಸೆರಗು ಬಿಗಿಯಾಗಿ ಹೊದ್ದು ಬಂದಳು. ಆ ದಿನವೇ ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳನ್ನು ಕಂಡೆ. ಈ ಔಷಧಕ್ಕೆ ಉಗುರು, ಬೆರಳು ಕಪ್ಪಾಗುವುದುಂಟು. ಫೈಲಿನಲ್ಲಿ ಬರೆದೆ: ‘ಬೆರಳುಗಳಲ್ಲಿ ಕಪ್ಪು ಬಣ್ಣ, ಔಷಧದ ಪರಿಣಾಮ.’ ಮೂರನೆಯ ಸೈಕಲ್ಲಿನಲ್ಲಿ ಚುಕ್ಕೆ ಹೆಚ್ಚಾಗಿದ್ದವು. ‘ಹೆಚ್ಚಾಗಿದೆ’ ಎಂದೂ ಬರೆದೆ. ಆ ದಿನ ಡಾಕ್ಟರು ಗಂಟನ್ನು ಅಳೆದರು. ಆರು ಸೆಂಟಿಮೀಟರ್ ಇದ್ದದ್ದು ನಾಲ್ಕರೊಳಗೆ ಬಂದಿತ್ತು. ಎಲ್ಲರೂ ಖುಷಿಯಾಗಿದ್ದೆವು. ಲಿಂಬೆಹಣ್ಣಿನ ವಾಸನೆ ಎಂದಿನಂತೆಯೇ ಇತ್ತು.

ಮೂರನೆಯ ಸೈಕಲ್ಲಿನ ಹನ್ನೆರಡನೆಯ ದಿನ ಸೋಮವಾರ. ಹನ್ನೊಂದು ಗಂಟೆಯ ಹೊತ್ತಿಗೆ ಆಕೆಯ ಗಂಡ ಆಟೋದಿಂದ ಆಕೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದ. ಹಲ್ಲು ಕಟಕಟ ಅನ್ನುವಷ್ಟು ಚಳಿ. ಜ್ವರ ನೂರಾ ಎರಡು ದಾಟಿತ್ತು. ರಕ್ತದೊತ್ತಡ ಇಳಿಯುತ್ತಿತ್ತು.

“ಯಾವಾಗಿಂದ?”

“ನಿನ್ನೆ ಸಂಜಿಂದ,” ಎಂದ ಗಂಡ. “ಬಾ ಅಂದ್ರೆ ಕೇಳ್ಲಿಲ್ಲ. ಬೆಳಿಗ್ಗೆ ಮತ್ತೆ ಪೇಟಿಗೆ ಹೋಗಿ ಕೂತದೆ ಮಾರಾಯ್ರೆ ಇದು.”

“ಪೇಟೆಗೆ?” ಅಂದೆ. ಆಕೆ ಪೇಟೆಗೆ ಹೋಗುತ್ತಿದ್ದಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೀಮೋ ನಡೆಯುವಾಗ ಯಾರಾದರೂ ಕೆಲಸಕ್ಕೆ ಹೋಗುತ್ತಾರೆಯೇ ಎಂದುಕೊಂಡಿದ್ದೆ. ಕೇಳಿರಲಿಲ್ಲ.

ತುರ್ತು ವಿಭಾಗದಲ್ಲಿದ್ದ ಎಳೆಯ ಡಾಕ್ಟರು ಒಳ್ಳೆಯ ಮನುಷ್ಯ, ಆದರೆ ಕ್ಯಾನ್ಸರಿನ ಕೆಲಸ ಮಾಡಿದವರಲ್ಲ. “ಕೌಂಟ್ ರಿಪೋರ್ಟ್ ಬರ್ಲಿ ಸಿಸ್ಟರ್, ನೋಡಿ ಆ್ಯಂಟಿಬಯಾಟಿಕ್ ಶುರು ಮಾಡುವಾ,” ಎಂದರು. ಬಿಳಿ ಕಣ ಎಣಿಸುವ ಆ ರಿಪೋರ್ಟಿಗೆ ಒಂದೂವರೆ ಗಂಟೆ. ಬಿಳಿ ಕಣ ಇಳಿದವರಿಗೆ ಜ್ವರ ಬಂದಾಗ ಮೊದಲ ಡೋಸ್ ಒಂದು ಗಂಟೆಯೊಳಗೆ ನರಕ್ಕೆ ಹೋಗಬೇಕು ಎಂಬುದು ನಮ್ಮ ನಿಯಮ. ನಾನು ಕ್ಯಾನ್ಸರ್ ಡಾಕ್ಟರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಎರಡನೆಯ ಸಲವೂ ಇಲ್ಲ. ಕಾಯುತ್ತಾ ನಿಂತರೆ ಆಗದೆಂದು, ಎಳೆಯ ಡಾಕ್ಟರನ್ನು ಕೇಳಿ, ಎರಡು ಕಡೆಯಿಂದ ರಕ್ತ ತೆಗೆದು ಕಲ್ಚರ್ ಬಾಟಲಿಗೆ ಹಾಕಿದೆ. ರಕ್ತದಲ್ಲಿ ಯಾವ ರೋಗಾಣು ಸೇರಿದೆ ಎಂದು ಬೆಳೆಸಿ ನೋಡುವ ಬಾಟಲಿ ಅದು. ಔಷಧ ಹೋದ ಮೇಲೆ ತೆಗೆದರೆ ಪ್ರಯೋಜನವಿಲ್ಲ. ಮೂರನೆಯ ಸಲ ಫೋನ್ ಎತ್ತಿದರು. ಎಳೆಯ ಡಾಕ್ಟರ ಕೈಗೆ ಕೊಟ್ಟೆ. “ಕೌಂಟ್ ಕಾಯಬೇಡಿ” ಎಂದದ್ದು ನನಗೂ ಕೇಳಿಸಿತು. ಹೇಳಿದ ಆ್ಯಂಟಿಬಯಾಟಿಕ್ ವಾರ್ಡಿನಲ್ಲಿ ಇರಲಿಲ್ಲ. ಗಂಡ ಚೀಟಿ ಹಿಡಿದು ಹೊರಗಿನ ಔಷಧ ಅಂಗಡಿಗೆ ಓಡಿದ. ಬಾಟಲಿ ತೂಗಿ ಹನಿ ಬೀಳತೊಡಗಿದಾಗ ಗಡಿಯಾರ ನೋಡಿದೆ. ಐವತ್ತೆರಡು ನಿಮಿಷ.

ಆಮೇಲಷ್ಟೇ ಮೈಯೆಲ್ಲ ಹುಡುಕಿದೆ, ಸೋಂಕು ಎಲ್ಲಿಂದ ಒಳಗೆ ಬಂತು ಎಂದು. ಬಾಯಿಯಲ್ಲಿ ಇಲ್ಲ, ಎದೆಯಲ್ಲಿ ಕಫವಿಲ್ಲ. ಬಲಗೈ ತೋರುಬೆರಳು ಕೆಂಪಾಗಿ ಊದಿತ್ತು. ಕೀವು ಇರಲಿಲ್ಲ. ಕೀವು ಕಟ್ಟಲಿಕ್ಕೂ ಬಿಳಿ ಕಣ ಬೇಕು, ಅವೇ ಇರಲಿಲ್ಲ.

“ಇದೆಂತಾ ಆದ್ದು?”

“ಶೆಟ್ಲಿ ಕೊಂಬು ಚುಚ್ಚದೆ. ಅರಿಶಿನ, ಎಣ್ಣೆ ಹಚ್ಚಿದ್ದೆ,” ಎಂದಳು, ನಡುಗುತ್ತಲೇ. ಸಿಗಡಿಗೆ ನಮ್ಮ ಕಡೆ ಶೆಟ್ಲಿ ಅನ್ನುತ್ತಾರೆ. ಅದರ ನೆತ್ತಿಯ ಮೇಲೆ ಗರಗಸದಂಥ ಚೂಪು ಕೊಂಬು ಇರುತ್ತದೆ. “ಅದೆಂತಾ ದೊಡ್ಡದು ಅಕ್ಕೋರೆ. ದಿನಾ ಚುಚ್ಚೂದೇ.”

“ದಿನಾ?”

ಆಕೆ ಎರಡೂ ಕೈ ಬಿಡಿಸಿ ಹಿಡಿದಳು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದೇ ಬೆರಳು ಒರೆಸಿದೆ. ಔಷಧದ ಕಪ್ಪಾದರೆ ಉಗುರಿನ ಬುಡದಲ್ಲಿ, ಗೆಣ್ಣಿನ ಮೇಲೆ, ಅಂಗೈಯ ಗೆರೆಗಳಲ್ಲಿ ಹರಡಿಕೊಂಡಿರುತ್ತದೆ. ಇವು ಬಿಡಿ ಬಿಡಿ ಚುಕ್ಕೆಗಳು. ಒಂದೊಂದೂ ಒಂದೊಂದು ತೂತು. ಹಳೆಯದು, ನಿನ್ನೆಯದು, ಇವತ್ತಿನದು. ಮೂರು ಸಲ ಕಾಲುಗಂಟೆ ನನ್ನ ತೊಡೆಯ ಮೇಲಿದ್ದ ಕೈ ಅದು. ಲಿಂಬೆಹಣ್ಣಿನ ವಾಸನೆಗೆ ಮೆಚ್ಚಿ, ಚೊಕ್ಕ ಕೈ ಎಂದು ಹೊಗಳಿ, ಚುಕ್ಕೆಗಳಿಗೆ ಔಷಧದ ಹೆಸರು ಬರೆದವಳು ನಾನು.

ಕೌಂಟ್ ರಿಪೋರ್ಟ್ ಬಂತು. ಐನೂರಕ್ಕಿಂತ ಕೆಳಗೆ ಇಳಿದರೆ ಅಪಾಯ ಅನ್ನುವ ಕಣ ಆಕೆಯಲ್ಲಿ ಮುನ್ನೂರಿತ್ತು.

ಏಳು ದಿನ ಆಕೆಯನ್ನು ಬೇರೆ ಕೋಣೆಯಲ್ಲಿ ಇಟ್ಟೆವು. ಕಣ ಏರಿಸುವ ಇಂಜೆಕ್ಷನ್ ದಿನಕ್ಕೊಂದು, ಆ್ಯಂಟಿಬಯಾಟಿಕ್ ದಿನಕ್ಕೆ ಮೂರು ಸಲ. ಎರಡು ದಿನ ಆಕೆಯ ಕಡೆಗೆ ನೋಡಲಿಕ್ಕೇ ಹೆದರಿಕೆಯಾಗುತ್ತಿತ್ತು. ಮೂರನೆಯ ದಿನ ಜ್ವರ ಇಳಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಬೆರಳಿನಲ್ಲಿ ಕೀವು ಕಂಡಿತು. ಕೀವು ಕಂಡು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಕಾವಲುಗಾರರು ಕೆಲಸಕ್ಕೆ ಮರಳಿದ್ದರು.

ಆ ದಿನ ಮಂಚದ ಪಕ್ಕ ಕೂತು ಕೇಳಿದೆ, “ಮೊದಲ ದಿನ ಎಚ್ಚರಿಕೆ ಹಾಳೆ ಓದಿ ಹೇಳಿದ್ದೆನಲ್ಲ, ಗಾಯ ಆಗೂ ಕೆಲ್ಸ ಮಾಡಬೇಡಿ ಅಂತ?”

“ಹೇಳಿದ್ರಿ. ಹಸಿ ತರಕಾರಿ ಬೇಡ, ಬೆಕ್ಕು ಮುಟ್ಟಬೇಡ, ಗುಲಾಬಿ ಗಿಡದ ಮುಳ್ಳು ಚುಚ್ಚಿಸ್ಕಬೇಡ ಅಂದ್ರಿ. ನಾ ಬೆಕ್ಕು ಮುಟ್ಲಿಲ್ಲ. ನಮ್ಮನಿಲಿ ಗುಲಾಬಿ ಇಲ್ಲ.”

ಸರಿಯಾಗಿಯೇ ಹೇಳಿದ್ದಳು. ಎಲ್ಲಿಯೋ ಯಾರೋ ಬರೆದ ಹಾಳೆಯನ್ನು ನಾನು ಚಂದದ ಕನ್ನಡದಲ್ಲಿ ಓದಿ ಹೇಳಿದ್ದೆ. ಮೀನು ಮಾರುವವಳ ಮುಂದೆ ಕೂತು ಮೀನಿನ ಮುಳ್ಳಿನ ಮಾತು ಎತ್ತಿರಲಿಲ್ಲ. “ಕೇಳೂಕೆ ನಾಚ್ದವ್ರಿಗೆ ಹೇಳೂಕೆ ಬಾಯಿಲ್ಲ” ಎಂದು ಅಜ್ಜಿ ಬೈಯುತ್ತಿದ್ದಳು. ನಾನು ನಾಚಿದ್ದೂ ಅಲ್ಲ, ನೆನಪೇ ಆಗಿರಲಿಲ್ಲ.

“ಇನ್ನು ಮೇಲೆ ಪೇಟೆ ಬೇಡ,” ಅಂದೆ.

“ಅದಾಗೂದಿಲ್ಲ.” ಒಂದೇ ಮಾತು. ಆಮೇಲೆ ನಿಧಾನವಾಗಿ ಹೇಳಿದಳು. ಪೇಟೆಯ ಕಂಬದ ಬುಡದ ಆ ಜಾಗ ಅವಳ ಅತ್ತೆಯದು, ಅದಕ್ಕೂ ಮೊದಲು ಅತ್ತೆಯ ಅತ್ತೆಯದು. ಅದಕ್ಕೆ ಕಾಗದಪತ್ರ ಏನೂ ಇಲ್ಲ. ಕೂತದ್ದೇ ಪತ್ರ. ಜಾಗ ಖಾಲಿ ಕಂಡರೆ ಮರುದಿನ ಪಕ್ಕದವಳ ಬುಟ್ಟಿ ನಾಲ್ಕು ಬೆರಳು ಈಚೆ ಸರಿಯುತ್ತದೆ. ಹುಣ್ಣಿಮೆಯಿಂದ ಹುಣ್ಣಿಮೆಯವರೆಗೆ ಯಾರೂ ಕೂರದಿದ್ದರೆ ಬಿಟ್ಟುಕೊಟ್ಟ ಹಾಗೆ. “ಅಲ್ಲಿ ಕೂತು ಸುಮ್ನೆ ಇರೂಕಾಗ್ತದ್ಯೆ? ಶೆಟ್ಲಿ ಸುಲ್ದು ಕೊಟ್ರೇ ಗಿರಾಕಿ. ಪಕ್ಕದಲ್ಲೊಂದು ಹೆಂಗ್ಸು ಅದೆ, ಹದ್ದಿನ ಕಣ್ಣು. ಹನ್ನೊಂದು ವರ್ಷ ಆಯ್ತು, ನಾಕು ಬೆರಳು ಜಾಗಕ್ಕೆ ಜಗಳಾಗಿ ಅದ್ರ ಕೂಡೆ ಮಾತಿಲ್ಲ. ಬೈಯೂದಿದ್ರೆ ಗಿರಾಕಿಗೆ ಹೇಳ್ದಾಂಗೆ ಹೇಳ್ತದೆ.”

“ರೋಗದ ವಿಷಯ ಅವ್ರಿಗೆ ಗೊತ್ತುಂಟೋ?”

“ಗ್ಯಾಸ್ಟ್ರಿಕ್ ಅಂತ ಹೇಳಿಟ್ಟಿದ್ದೆ. ಇದು ಅಂತ ಗೊತ್ತಾದ್ರೆ ನಾ ಸಾಯೂ ಮುಂಚೇ ಜಾಗ ಅಳೀತ್ರು.”

ಅದು ಗುರುವಾರ. ಮಧ್ಯಾಹ್ನ ಡಾಕ್ಟರು ಬಂದರು. ಅವರು ಫೈಲು ಬಿಡಿಸುವ ಮೊದಲೇ ನಾನು ಹೇಳಿಬಿಟ್ಟೆ. “ಸರ್, ಬೆರಳಿನ ಕಪ್ಪು ಔಷಧದ್ದು ಅಂತ ಎರಡು ಸಲ ಬರ್ದಿದ್ದೆ. ಅದು ತಪ್ಪು. ಸಿಗಡಿ ಮುಳ್ಳಿನ ಗಾಯ.” ಅವರು ನನ್ನ ಅಕ್ಷರವನ್ನು ಸ್ವಲ್ಪ ಹೊತ್ತು ನೋಡಿದರು. “ಕೆಳಗೆ ನನ್ನ ಸಹಿಯೂ ಇದೆಯಲ್ಲ,” ಎಂದರು. ಅವರು ಗೀಟು ಹಾಕಿ ಸರಿಮಾಡಿ ಬರೆದರು.

ಆಮೇಲೆ ಮುಂದಿನ ಮಾತು. ನಾಲ್ಕನೆಯ ಸೈಕಲ್ ಒಂದು ವಾರ ಮುಂದೆ ಹಾಕಬಹುದು. ಡೋಸ್ ಇಳಿಸಿದರೆ ಕೌಂಟ್ ಅಷ್ಟು ಬೀಳಲಿಕ್ಕಿಲ್ಲ, ಗಂಟು ಕರಗುವುದೂ ಅಷ್ಟಾಗಲಿಕ್ಕಿಲ್ಲ. “ಗಂಟು ಚೆನ್ನಾಗಿ ಇಳೀತಾ ಇದೆ ಸಿಸ್ಟರ್. ನನಗೆ ಡೋಸ್ ಇಳಿಸೋ ಮನಸ್ಸಿಲ್ಲ. ಆದರೆ ಆ ಕೈ ಮತ್ತೆ ಮೀನಿಗೆ ಹೋಗೋದಾದರೆ ಪೂರ್ತಿ ಡೋಸ್ ಕೊಡೋ ಧೈರ್ಯವೂ ಇಲ್ಲ. ಇನ್ನೊಂದು ಸಲ ಹೀಗೆ ಬಂದರೆ ಕೀಮೋ ನಿಲ್ಲಿಸಬೇಕಾದೀತು. ಗಂಟು ಅಲ್ಲೇ ಕಾಯ್ತಾ ಕೂರೋದಿಲ್ಲ.” ಮೊದಲ ಪುಟ ತಿರುವಿ ಆ ಎರಡು ಚೌಕಗಳನ್ನು ನೋಡಿದರು. ನಾನೂ ನೋಡಿದೆ.

ಸುಲಭದ ಉಪಾಯ ಕೈಗವಸು ಅನ್ನಿಸಿತು. ನಮ್ಮ ಆಸ್ಪತ್ರೆಯ ತೆಳು ಕೈಗವಸು ಒಂದು ಜೊತೆ, ಪಾತ್ರೆ ತಿಕ್ಕುವ ದಪ್ಪ ರಬ್ಬರಿನದು ಒಂದು ಜೊತೆ ತಂದು, ಅಂಕೋಲೆಯ ನನ್ನ ಅಡಿಗೆಮನೆಯಲ್ಲಿ ಕಾಲು ಕಿಲೋ ಸಿಗಡಿ ಇಟ್ಟುಕೊಂಡು ಕೂತೆ. ತೆಳುವಿನಲ್ಲಿ ಹತ್ತನೆಯ ಸಿಗಡಿಗೆ ಮೂರು ತೂತು. ದಪ್ಪದ್ದರಲ್ಲಿ ಸಿಗಡಿ ಹಿಡಿತಕ್ಕೇ ಸಿಗಲಿಲ್ಲ, ಜಾರಿ ಜಾರಿ ನೆಲದಲ್ಲಿ ಈಜಿದವು. ಕಾಲು ಕಿಲೋಕ್ಕೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಆಕೆ ಅಷ್ಟರಲ್ಲಿ ಅರ್ಧ ಬುಟ್ಟಿ ಸುಲಿಯುತ್ತಾಳೆ. ನನ್ನ ಹೆಬ್ಬೆರಳಿನಲ್ಲಿ ಒಂದು ಚುಕ್ಕೆ ಉಳಿಯಿತು. ಎರಡು ದಿನ ಚುರುಚುರು ಅಂದಿತು. ಕಪ್ಪಾದ ಮೇಲೆ ನೋಡಿದೆ, ಹೌದು, ಅದೇ ಚುಕ್ಕೆ.

ಬಿಡುಗಡೆಯಾಗಿ ಮನೆಗೆ ಹೋಗುವ ಮುಂಚೆ ಆಕೆಯನ್ನು ಕೇಳಿದೆ. “ಮುಂದಿನ ರಕ್ತ ಪರೀಕ್ಷೆವರೆಗಾದ್ರೂ ಮನೇಲೇ ಇರಿ. ಒಂದು ಸಲ ನಾನೇ ಪೇಟೆಗೆ ಹೋಗಿ ಆ ಜಾಗ ನೋಡ್ಕಂಡು ಬರ್ಲೋ?”

“ನೋಡಿ ಬೇಕಾದ್ರೆ. ಬಾಯಿ ಮಾತ್ರ ಬಿಡ್ಬೇಡಿ.”

“ಬಿಡೂದಿಲ್ಲ.”

ನನ್ನ ವಾರದ ರಜೆ ರವಿವಾರ. ರವಿವಾರ ಬಸ್ಸು ಹತ್ತುವುದೆಂದರೆ ನನಗೆ ಶಿಕ್ಷೆ. ಅಂತೂ ಹೋದೆ. ಪೇಟೆ ಕಿಕ್ಕಿರಿದಿತ್ತು. ಬಾಂಗಡೆ, ತಾರಲೆ, ಮಂಜಿನ ನೀರು, ಕೂಗಾಟ. ಕಂಬ ಸಿಕ್ಕಿತು. ಕಂಬದ ಬುಡದ ಜಾಗ ಖಾಲಿ ಇರಲಿಲ್ಲ. ಅಲ್ಲಿ ಒಂದು ಮಣೆ, ಮಣೆಯ ಮೇಲೆ ತಟ್ಟೆ ತುಂಬ ಸಿಗಡಿ. ಪಕ್ಕದಲ್ಲಿ ತನ್ನ ಬುಟ್ಟಿಯ ಮುಂದೆ ಕೂತವಳು, ಐವತ್ತೈದು ದಾಟಿದ ದಪ್ಪ ಹೆಂಗಸು, ಎರಡೂ ಕಡೆಯ ಗಿರಾಕಿಗೆ ಒಬ್ಬಳೇ ಸುಲಿದು ಕೊಡುತ್ತಿದ್ದಳು. ಹದ್ದಿನ ಕಣ್ಣು ಇದೇ ಇರಬೇಕು. ಜಾಗ ಹೋಯಿತು ಅಂದುಕೊಂಡೆ.

“ಈ ತಟ್ಟೇದು ಹ್ಯಾಂಗೆ?” ಎಂದು ಕೇಳಿದೆ.

ಆಕೆ ಸಿಗಡಿ ಬಿಟ್ಟು ನನ್ನನ್ನು ನೋಡಿದಳು. “ನೀವು ಆಸ್ಪತ್ರೆ ಅಕ್ಕೋರಲ್ವಾ?”

“ಯಾರು ಹೇಳಿದ್ರು?”

“ಮೂಗು ಹೇಳ್ತು. ನಿಮ್ಗೆ ಸ್ಪಿರಿಟ್ಟಿನ ವಾಸ್ನೆ. ನಮ್ಗೆ ಮೀನಿಂದು. ಎಷ್ಟು ತೊಳೆದ್ರೂ ಹೋಗೂದಿಲ್ಲ.” ಮತ್ತೆ ಸಿಗಡಿ ಎತ್ತಿಕೊಂಡಳು. “ಹ್ಯಾಂಗದೆ ಅದು?”

“ಯಾರು?”

“ಆಹಾ! ಗ್ಯಾಸ್ಟ್ರಿಕ್ಕಿನದು.”

“ನಂಗೆ ಯಾರ ವಿಷಯವೂ ಹೇಳೂಕೆ ಬರೂದಿಲ್ಲ ಅಕ್ಕಾ.”

“ಹೇಳ್ಬೇಡಿ. ಗ್ಯಾಸಿಗೆ ತಲೆಗೂದ್ಲು ಹೋಗ್ತದ್ಯೆ? ನನ್ನ ಅಕ್ಕಂಗೂ ಇದೇ ಗ್ಯಾಸ್ ಆಗಿತ್ತು. ಅದು ಎದ್ದು ಬರ್ಲಿಲ್ಲ.” ಕೊಂಬು ಮುರಿದು, ತಲೆ ತೆಗೆದು, ಸಿಪ್ಪೆ ಬಿಡಿಸಿ, ಕಪ್ಪು ನರ ಎಳೆದು, ಒಂದು ಸಿಗಡಿ ತಟ್ಟೆಗೆ ಹಾಕಿದಳು. “ಇಲ್ಲಿ ಎಲ್ರಿಗೂ ಗೊತ್ತದೆ. ಅದ್ಕೆ ಮಾತ್ರ ನಮ್ಗೆ ಗೊತ್ತಿಲ್ಲ ಅಂತ.”

ನಾನು ತಟ್ಟೆಯ ಕಡೆಗೆ ನೋಡುತ್ತಿದ್ದೆ. ಆಕೆಗೆ ಅದೂ ತಿಳಿಯಿತು.

“ಮತ್ತೆಂತಾ ನೋಡ್ತ್ರಿ? ಅದ್ರ ಮಣೆ ಅದು. ಶೆಟ್ಲಿ ನಂದು. ಖಾಲಿ ಬಿಟ್ರೆ ಆ ಬದಿಯವ್ರು ಬಂದು ಕೂರ್ತ್ರು. ಹನ್ನೊಂದು ವರ್ಷ ನಾಕು ಬೆರಳು ಜಾಗಕ್ಕೆ ಜಗಳಾಡಿದೋಳು ನಾನು. ಇಡೀ ಜಾಗ ಪುಕ್ಕಟೆ ಬಂದ್ರೆ ಗೆದ್ದಾಂಗಾಯ್ತೋ?”

ಅರ್ಧ ಕಿಲೋ ಸಿಗಡಿ ಕಟ್ಟಿಸಿಕೊಂಡು ಬಸ್ಸಿಗೆ ಬಂದೆ. ಅಂಕೋಲೆಯವರೆಗೂ ಯೋಚನೆ ಒಂದೇ. ಹೇಳಬೇಕೋ, ಬೇಡವೋ. ಪೇಟೆಯವರಿಗೆ ನಾನು ಏನೂ ಹೇಳಿರಲಿಲ್ಲ, ಕೊಟ್ಟ ಮಾತು ಉಳಿದಿತ್ತು. ಆದರೆ ಪಕ್ಕದವಳು ಹೇಳಿದ್ದನ್ನು ನಾನು ಹೊತ್ತು ತಂದು ಆಕೆಯ ಮುಂದೆ ಸುರಿದರೆ, ರೋಗ ಬಯಲಾಯಿತೆಂಬ ನಾಚಿಕೆಯಲ್ಲಿ ಆಕೆ ಆಸ್ಪತ್ರೆಗೂ ಬರುವುದು ಬಿಟ್ಟರೆ? ಹಾಗೆ ಬಿಟ್ಟವರನ್ನು ಕಂಡಿದ್ದೇನೆ. ಇಬ್ಬರ ನಡುವೆ ಮಾತು ಹೊರುವ ಕೆಲಸ ನರ್ಸಿನದಲ್ಲ ಎಂದು ನಿಶ್ಚಯಿಸಿದೆ. ಅವರ ಜಗಳ ಅವರದೇ ಆಗಿರಲಿ.

ಮರುದಿನ ಆಕೆ ರಕ್ತ ಪರೀಕ್ಷೆಗೆ ಬಂದಳು. “ಹೋಗಿದ್ರ್ಯಾ?”

“ಹೋಗಿದ್ದೆ. ಬಾಯಿ ಬಿಡ್ಲಿಲ್ಲ.”

“ಜಾಗ?”

“ನಿಮ್ಮ ಮಣೆ ಮೇಲೆ ಆಕೆಯ ಸಿಗಡಿ ಇತ್ತು.”

ಅಷ್ಟೇ ಹೇಳಿದೆ. ಆಕೆಯ ಮುಖ ಕೆಂಪಾಯಿತು. “ಇಟ್ಲೋ! ಕೊನೆಗೂ ಇಟ್ಲೋ! ಅದ್ರ ಕೈ ಕಡ್ದು ಹೋಗ್ಲಿ,” ಎನ್ನುತ್ತಾ, ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿ ಹಿಡಿದುಕೊಂಡೇ ಎದ್ದಳು.

“ಹೋಗಿ ಕೇಳಿ. ಆದ್ರೆ ಮೀನು ಮುಟ್ಟಬೇಡಿ. ಬರೇ ಬಾಯಲ್ಲಿ ಬೈಯಿರಿ,” ಅಂದೆ. ಬೈಯಲಿಕ್ಕಾದರೂ ಇಬ್ಬರೂ ನೇರವಾಗಿ ಮಾತಾಡಲಿ ಎಂಬುದು ನನ್ನ ಲೆಕ್ಕ. ಸರಿಯೋ ತಪ್ಪೋ ಗೊತ್ತಿರಲಿಲ್ಲ. ಮುಂದಿನ ಮೂರು ದಿನ, ಬೇರೆಯವರ ಕೈಯಲ್ಲಿ ನರ ಹುಡುಕುವಾಗಲೆಲ್ಲ ಕಣ್ಣು ಬಾಗಿಲಿಗೆ ಹೋಗುತ್ತಿತ್ತು.

ಗುರುವಾರ ಹತ್ತು ಗಂಟೆಯಾದರೂ ಆಕೆ ಬರಲಿಲ್ಲ. ಔಷಧ ಬೆರೆಸಿದ ಮೇಲೆ ಇಡಲಾಗುವುದಿಲ್ಲ, ಆದ್ದರಿಂದ ಬೆರೆಸದೆ ಕಾದೆ. ಡಾಕ್ಟರು ಎರಡು ಸಲ ಕೇಳಿದರು. ಹನ್ನೊಂದಕ್ಕೆ ಹೊರಗಿನ ಮೊಗಸಾಲೆಯಲ್ಲಿ ಗದ್ದಲ ಕೇಳಿಸಿತು.

“ಸೇತುವೆ ಮೇಲೆ ಗಾಡಿ ನಿಂತ್ರೆ ನಾ ಎಂತಾ ಮಾಡ್ಲಿ? ನಿಂಗೆ ಮುಂಚಿನ ಟೆಂಪೋಕ್ಕೆ ಬಾ ಅಂದಿದ್ದೆ.”

“ನೀ ಲಿಂಬೆಹಣ್ಣು ತಿಕ್ಕತಾ ಕೂತ್ಕಂಡೆ. ಅದ್ಕೇ ತಡ ಆದ್ದು.”

ಬೈಯಲು ಪೇಟೆಗೆ ಹೋದವಳು ಪಕ್ಕದವಳನ್ನೇ ಜೊತೆಗೆ ಕರೆತಂದಿದ್ದಳು. ಇಬ್ಬರೂ ಒಳಗೆ ಬಂದರು. ಹನ್ನೊಂದು ವರ್ಷ ಕೂಡಿಟ್ಟ ಬೈಗುಳ ಮುಗಿಯುವ ಲಕ್ಷಣ ಕಾಣಲಿಲ್ಲ. ಕೌಂಟ್ ಚೆನ್ನಾಗಿತ್ತು. ಡಾಕ್ಟರು ಗಂಟು ಅಳೆದರು, ನಾಲ್ಕರ ಒಳಗೇ ನಿಂತಿತ್ತು. “ಕೈ?” ಎಂದು ನನ್ನ ಕಡೆ ನೋಡಿದರು. ನಾನು ಕಿಟಕಿಯ ಬೆಳಕಿಗೆ ಮಂಚ ಎಳೆದು, ಹತ್ತೂ ಬೆರಳು ಒಂದೊಂದಾಗಿ ಒರೆಸಿ ನೋಡಿದೆ. ಉಗುರಿನ ಬುಡದಲ್ಲಿ, ಗೆಣ್ಣಿನ ಮೇಲೆ ಸಮನಾಗಿ ಹರಡಿದ ಕಪ್ಪು. ಇದು ಔಷಧದ್ದೇ. ಹಳೆಯ ಚುಕ್ಕೆಗಳು ಮಾಸಿದ್ದವು. ಹೊಸದು ಒಂದೂ ಇರಲಿಲ್ಲ.

“ಪೂರ್ತಿ ಡೋಸ್,” ಎಂದರು ಡಾಕ್ಟರು.

ನರ ಮೊದಲ ಚುಚ್ಚಿಗೇ ಸಿಕ್ಕಿತು. ಕೆಂಪು ಔಷಧದ ಸಿರಿಂಜು ಹಿಡಿದು ಕೂತೆ. ಆಚೆ ಮಗ್ಗುಲಿಗೆ ಪಕ್ಕದವಳು ಸ್ಟೂಲಿನ ಮೇಲೆ ಕೂತಿದ್ದಳು.

“ಎಷ್ಟು ದಿನ ಅದೆ ಇದು?” ಎಂದು ಕೇಳಿದಳು.

“ಇದಾದ ಮೇಲೆ ಇನ್ನೂ ನಾಲ್ಕು ಸೈಕಲ್. ಮತ್ತೆ ಆಪರೇಶನ್. ಬಗಲಿನ ಗ್ರಂಥಿ ತೆಗೆದ ಮೇಲೆ ಎಡಗೈಗೆ ಮುಳ್ಳು ತಾಗ್ಸೂ ಹಾಂಗಿಲ್ಲ, ಕೈ ಬಾತು ಹೋಗ್ತದೆ. ಅದು ಯಾವಾಗ್ಲೂ.”

“ಕೇಳ್ತೋ?” ಎಂದಳು ಈಕೆಗೆ. “ಯಾವಾಗ್ಲೂ ಅಂತೆ. ನಾನೇ ಸುಲೀಬೇಕು ಸಾಯೂವರೆಗೆ.”

“ಪುಕ್ಕಟೆ ಸುಲೀತ್ಯೋ? ದರ ಕೂಗೂದು ನಾನು. ನಿನ್ನ ಬಾಯಿಗೆ ಗಿರಾಕಿ ನಿಲ್ತ್ರೋ?”

“ನಾಕು ಬೆರಳು ಜಾಗ ಕೊಡು ಮತ್ತೆ.”

“ಎರಡು.”

ನಾನು ಸಿರಿಂಜಿನಿಂದ ಕಣ್ಣು ತೆಗೆಯದೆ ನಕ್ಕೆ. ಕಾಲುಗಂಟೆ ಮುಗಿಯಿತು. ಸಲೈನ್ ಹರಿಯಬಿಟ್ಟು ಎದ್ದು ನಿಂತಾಗ, ಸ್ಟೂಲಿನ ಮೇಲಿದ್ದವಳು ತನ್ನ ಎರಡೂ ಕೈ ಮುಂದೆ ಚಾಚಿದಳು. ಲಿಂಬೆಹಣ್ಣು ತಿಕ್ಕಿರಲಿಲ್ಲ. ಬೆರಳ ತುದಿಯಲ್ಲಿ ಜಾಗ ಉಳಿಯದಷ್ಟು ಚುಕ್ಕೆ.

“ನಂದೂ ಒರ್ಸಿ ಅಕ್ಕೋರೆ. ಈ ಚುಕ್ಕೆಲಿ ಅರ್ಧ ಇದ್ರದ್ದು,” ಎಂದು ಮಂಚದ ಕಡೆ ಗದ್ದ ತೋರಿಸಿದಳು.

ಹತ್ತಿಗೆ ಸ್ಪಿರಿಟ್ ಹಾಕಿಕೊಂಡು ಆಕೆಯ ಹತ್ತೂ ಬೆರಳು ಒರೆಸಿದೆ. ಆಮೇಲೆ ಮೇಜಿನ ಹತ್ತಿರ ಹೋಗಿ, ಗೀಟು ಹಾಕಿದ ಆ ಸಾಲುಗಳ ಕೆಳಗೆ, ಈಕೆಯ ಫೈಲಿನಲ್ಲಿ ಬರೆದೆ: ‘ಕೈ ನೋಡಲಾಗಿದೆ. ಗಾಯವಿಲ್ಲ.’